ಮುಕ್ತಾಳ ಕೈ

"ಗುರುಗಳೇ, ಒಬ್ಬರ ಮೇಲೆ ತಪ್ಪು ಹೊರಿಸಿದೆ. ಆಮೇಲೆ ನಿಜವಾದ ಕಾರಣ ಬೇರೆ ಎಂದು ಗೊತ್ತಾಯಿತು. ಹೋಗಿ ಅವರಿಗೆ ಹೇಳಿಯೂ ಬಂದೆ. ಅಲ್ಲಿಗೆ ಮುಗಿಯಿತಲ್ಲವೇ?"

ಕೇಳಿದವನು ನಿರ್ವಾಣಿ. ಮಠಕ್ಕೆ ಬಂದು ಮೂರು ವರ್ಷವಾಗಿದ್ದ ಶಿಷ್ಯ. ಹಿಂದಿನ ವಾರ ದಾಸೋಹದ ಅಕ್ಕಿಗೆ ಹುಳು ಬಿದ್ದಾಗ, ಅಡುಗೆ ಮಾಡುವ ಕಲ್ಲವ್ವನನ್ನು ಎಲ್ಲರೆದುರು ಬೈದಿದ್ದ. ಮೂರು ದಿನದ ಮೇಲೆ ನೋಡಿದರೆ ಉಗ್ರಾಣದ ಗೋಡೆಯೇ ಒಳಗಿಂದ ಒಸರಿ ಅಕ್ಕಿಗೆ ತೇವ ಹಿಡಿದಿತ್ತು. "ನಿಮ್ಮ ತಪ್ಪಲ್ಲ" ಎಂದು ಹೋಗಿ ಹೇಳಿದ. ಆಕೆ "ಆಗಲಿ ಬಿಡಿ" ಎಂದಳು. ಅಂದಿನಿಂದ ಅವನ ಎಲೆಗೆ ಬಡಿಸಲು ಬೇರೆಯವರನ್ನು ಕಳಿಸುತ್ತಿದ್ದಳು.

ಗುರುಗಳು ಕುಳಿತುಕೊಳ್ಳಲು ಹೇಳಿ ಈ ಕತೆ ಹೇಳಿದರು.

ಕಡಲ ತೀರದ ಒಂದು ಪೇಟೆಯಲ್ಲಿ ಒಬ್ಬ ದರ್ಜಿ ಇದ್ದ. ಕೆಳಗೆ ಅಂಗಡಿ, ಮೇಲೆ ಮನೆ. ಅವನು ಬಟ್ಟೆ ಕತ್ತರಿಸಿ ಹೊಲಿಯುತ್ತಿದ್ದ. ಅವನ ಹೆಂಡತಿ ಮುಕ್ತಾ ಕಾಜಾ ಹಾಕಿ ಗುಂಡಿ ಹಚ್ಚುತ್ತಿದ್ದಳು. ಅವಳು ಹಾಕಿದ ಕಾಜಾ ಅಂಗಿ ಹರಿದರೂ ಬಿಚ್ಚುವುದಿಲ್ಲ ಎಂದು ಪೇಟೆಯವರು ಹೇಳುತ್ತಿದ್ದರು.

ಅವಳಿಗೆ ಎರಡು ಸಲ ಬಸಿರಾಯಿತು. ಎರಡೂ ನಿಲ್ಲಲಿಲ್ಲ. ಎರಡನೆಯದು ಏಳು ತಿಂಗಳು ತುಂಬಿದ ಮೇಲೆ ಹೋಯಿತು. ಅದಾದ ಮೇಲೆ ಮುಕ್ತಾ ಮಾತು ಬಿಟ್ಟಳು. ಪೂರ್ತಿ ಬಿಟ್ಟಳು ಎಂದಲ್ಲ. ಊಟಕ್ಕೆ ಕರೆಯುತ್ತಿದ್ದಳು, ದಾರ ಮುಗಿದಿದೆ ಎನ್ನುತ್ತಿದ್ದಳು, ಅಷ್ಟೇ. ಅಳಲಿಲ್ಲ, ಯಾರನ್ನೂ ದೂರಲಿಲ್ಲ. ದರ್ಜಿ ಒಂದು ವರ್ಷ ಕಾದ. ಹೊಲಿಗೆ ಯಂತ್ರದ ಸದ್ದು ನಿಂತಾಗಲೆಲ್ಲ ಮನೆಯ ಮೌನ ಕೇಳಿಸಿ ಅವನಿಗೆ ಹೆದರಿಕೆಯಾಗುತ್ತಿತ್ತು. ಅದಕ್ಕೇ ಹೊಲಿಯುವ ಬಟ್ಟೆ ಇಲ್ಲದಾಗಲೂ ಯಂತ್ರ ತುಳಿಯುತ್ತಿದ್ದ.

ಒಮ್ಮೆ ಒಂದು ಲಾಡ್ಜಿಗೆ ಪರದೆ ಹೊಲಿದು ಕೊಡಲು ಹೋದಾಗ ಅಲ್ಲಿ ಉಪ್ಪುನೀರಿನ ಗಾಜಿನ ತೊಟ್ಟಿಯೊಂದನ್ನು ಕಂಡ. ನೋಡಿಕೊಳ್ಳುವವರಿಲ್ಲವೆಂದು ಲಾಡ್ಜಿನವರು ಯಾರಿಗಾದರೂ ಕೊಟ್ಟುಬಿಡುವುದರಲ್ಲಿದ್ದರು. ಒಳಗೆ ಕಲ್ಲು, ಮರಳು, ಎರಡು ಕಿತ್ತಳೆ ಬಣ್ಣದ ಮೀನು, ಒಂದಷ್ಟು ಸೀಗಡಿ. ತಿನ್ನುವ ಸೀಗಡಿಯಲ್ಲ. ಬೆರಳುದ್ದದವು, ಕೆಂಪು ಬೆನ್ನಿನ ಮೇಲೆ ಒಂದು ಬಿಳಿ ಗೆರೆ, ಉದ್ದನೆಯ ಬಿಳಿ ಮೀಸೆ. ಮೀನಿನ ಮೈಮೇಲೆ ಹತ್ತಿ ಕೊಳೆ ಹೆಕ್ಕಿ ತಿನ್ನುವ ಜಾತಿ. ದರ್ಜಿ ತೊಟ್ಟಿಯನ್ನು ಕೈಗಾಡಿಯಲ್ಲಿಟ್ಟು ಮನೆಗೆ ತಂದ.

ಮೊದಲ ದಿನ ಮುಕ್ತಾ ದೂರದಿಂದ ನೋಡಿದಳು. ಎರಡನೆಯ ದಿನ ಹತ್ತಿರ ಬಂದಳು. ವಾರದೊಳಗೆ ಯಾರೂ ಹೇಳದೆ ನೀರಿಗೆ ಕೈ ಇಳಿಸಿದಳು. ಒಂದು ಸೀಗಡಿ ಕಲ್ಲಿನಿಂದ ಇಳಿದು ಬಂದು ಅವಳ ಬೆರಳೇರಿತು. ಉಗುರಿನ ಸಂದಿಯನ್ನು ಸಣ್ಣ ಕೈಗಳಿಂದ ಹೆಕ್ಕತೊಡಗಿತು. ಇನ್ನೊಂದು ಬಂತು, ಮತ್ತೊಂದು ಬಂತು.

"ರೀ," ಎಂದು ಕೂಗಿದಳು ಮುಕ್ತಾ, "ಇಲ್ಲಿ ಬಂದು ನೋಡಿ, ಕಚಗುಳಿ ಇಡುತ್ತಿವೆ!"

ದರ್ಜಿ ಕತ್ತರಿ ಹಿಡಿದುಕೊಂಡೇ ಮೆಟ್ಟಿಲು ಹತ್ತಿ ಓಡಿದ. ಅವಳು ನಗುತ್ತಿದ್ದಳು. ಅವನು ಸೀಗಡಿಗಳನ್ನು ನೋಡಲಿಲ್ಲ.

ಅಂದಿನಿಂದ ಆ ಮನೆಯಲ್ಲಿ ಮಾತು ಮೊದಲಿನಂತಾಯಿತು. ಸೀಗಡಿಗಳು ಸಂದಿಗಳಲ್ಲಿ ಅಡಗುತ್ತಿದ್ದುದರಿಂದ ಎಣಿಸಲು ಸಿಗುತ್ತಿರಲಿಲ್ಲ. ಏಳು ಎಂದು ಅವನು, ಎಂಟು ಎಂದು ಅವಳು. ಊಟದ ನಡುವೆ ಅದೇ ಜಗಳ. ದರ್ಜಿ ಎರಡು ದಿನಕ್ಕೊಮ್ಮೆ ಪ್ಲಾಸ್ಟಿಕ್ ಕ್ಯಾನಿನಲ್ಲಿ ಕಡಲ ನೀರು ಹೊತ್ತು ತಂದು ಹಳೆಯ ನೀರನ್ನು ಸ್ವಲ್ಪ ಸ್ವಲ್ಪವೇ ಬದಲಿಸುತ್ತಿದ್ದ. ಹೀಗೆ ನಾಲ್ಕು ತಿಂಗಳು ನಡೆಯಿತು.

ಒಂದು ಬೆಳಿಗ್ಗೆ ಮರಳಿನ ಮೇಲೆ ಒಂದು ಸೀಗಡಿ ಅಲುಗದೆ ಬಿದ್ದಿತ್ತು. ದರ್ಜಿ ಅದನ್ನು ಎತ್ತಿ ಮರೆಮಾಡುವ ಮೊದಲೇ ಮುಕ್ತಾ ನೋಡಿದಳು.

"ಒಂದು ಹೋಯಿತು," ಎಂದಳು. ಆ ದಿನ ಮತ್ತೆ ಮಾತಾಡಲಿಲ್ಲ.

ದರ್ಜಿಗೆ ಹಳೆಯ ಹೆದರಿಕೆ ಮರಳಿತು. ಅವನಿಗೆ ಸೀಗಡಿಯ ಚಿಂತೆ ಇರಲಿಲ್ಲ. ನೀರು ಕೊಳಕಾಗಿರಬೇಕು ಎಂದುಕೊಂಡ. ಅಟ್ಟದ ಮೇಲೆ ಅವನ ತಾಯಿಯ ಕಾಲದ ತಾಮ್ರದ ಹಂಡೆ ಇತ್ತು. ತಾಮ್ರದಲ್ಲಿ ನಿಂತ ನೀರು ಶುದ್ಧವಾಗುತ್ತದೆ ಎಂದು ತಾಯಿ ಹೇಳುತ್ತಿದ್ದುದು ನೆನಪಾಯಿತು. ಹಂಡೆ ಇಳಿಸಿ ಹುಣಸೆಹಣ್ಣು ಹಾಕಿ ತಿಕ್ಕಿದ. ಅಂದಿನಿಂದ ಕಡಲ ನೀರನ್ನು ಮೊದಲು ಹಂಡೆಗೆ ಸೋಸಿ, ಒಂದು ದಿನ ನಿಲ್ಲಿಸಿ, ಮೇಲಿನ ತಿಳಿಯನ್ನು ಮಾತ್ರ ತೊಟ್ಟಿಗೆ ಹಾಕಿದ.

ಎರಡು ವಾರದಲ್ಲಿ ಇನ್ನೊಂದು ಸತ್ತಿತು. ಅದರ ಮರುವಾರ ಎರಡು.

ದರ್ಜಿ ಕಾರಣ ಹುಡುಕತೊಡಗಿದ. ಬಿಸಿಲಿನ ಝಳವಿರಬಹುದೆಂದು ತೊಟ್ಟಿಯನ್ನು ಕಿಟಕಿಯಿಂದ ಸರಿಸಿದ. ಮತ್ತೊಂದು ಸತ್ತಿತು. ಮೀನುಗಳು ಕಡಿಯುತ್ತಿರಬಹುದೆಂದು ಗಂಟೆಗಟ್ಟಲೆ ಕುಳಿತು ಕಾದ. ಮೀನುಗಳು ತಮ್ಮ ಪಾಡಿಗೆ ತಾವಿದ್ದವು, ಚೆನ್ನಾಗಿಯೂ ಇದ್ದವು. ಸೊಳ್ಳೆಬತ್ತಿಯ ಹೊಗೆ ಇರಬಹುದೆಂದು ಬತ್ತಿ ಹಚ್ಚುವುದನ್ನು ನಿಲ್ಲಿಸಿ ಇಬ್ಬರೂ ಸೊಳ್ಳೆ ಕಚ್ಚಿಸಿಕೊಂಡರು. ನೀರನ್ನು ದಿನಾ ಬದಲಿಸಿದ. ಹಂಡೆಯೊಳಗೆ ಹಸಿರು ಕಟ್ಟಿದರೆ ಅದು ಕೊಳೆಯೆಂದು ಇನ್ನೂ ಜೋರಾಗಿ ತಿಕ್ಕಿ ಬೆಳಗಿದ. ಹಂಡೆ ಬೆಳಗಿದಷ್ಟೂ ಸೀಗಡಿಗಳು ಸಾಯುತ್ತಿದ್ದವು.

ಕೊನೆಗೆ ಅವನ ಕಣ್ಣಿಗೆ ಉಳಿದದ್ದು ಒಂದೇ. ದಿನಾ ಆ ನೀರಿಗೆ ಇಳಿಯುತ್ತಿದ್ದ ಕೈ. ತಲೆಗೆ ಎಣ್ಣೆ ಹಚ್ಚಿದ ಕೈ, ಪಾತ್ರೆ ತಿಕ್ಕಿದ ಕೈ. ಒಂದು ಸಂಜೆ ಅವಳು ಕೈ ಇಳಿಸಿದ್ದನ್ನು ನೋಡಿದ. ಮರುದಿನ ಬೆಳಿಗ್ಗೆ ಒಂದು ಸತ್ತಿತ್ತು.

"ಮುಕ್ತಾ," ಎಂದ, "ನಿನ್ನ ಕೈಯಿಂದಲೇ ಇವು ಸಾಯುತ್ತಿವೆ."

ಮುಕ್ತಾ ವಾದ ಮಾಡಲಿಲ್ಲ. ಎರಡೂ ಅಂಗೈಗಳನ್ನು ತಿರುಗಿಸಿ ನೋಡಿಕೊಂಡಳು. "ಹೌದು," ಎಂದಳು. "ನನ್ನ ಹತ್ತಿರ ಯಾವುದು ಉಳಿದಿದೆ?"

ಆ ಹೊತ್ತಿಗೆ ದರ್ಜಿ ಏನಾದರೂ ಹೇಳಬೇಕಿತ್ತು. ಹೇಳಲಿಲ್ಲ. ಅಷ್ಟು ದಿನ ಸಿಗದ ಕಾರಣ ಸಿಕ್ಕಿತಲ್ಲ ಎಂದು ಅವನ ಎದೆ ಹಗುರಾಗಿತ್ತು. ಆ ನೆಮ್ಮದಿಯಲ್ಲಿ ಅವಳ ಮಾತು ಅವನ ಕಿವಿಗೆ ಬಿದ್ದರೂ ಒಳಗೆ ಇಳಿಯಲಿಲ್ಲ.

ಮುಕ್ತಾ ತೊಟ್ಟಿಯ ಹತ್ತಿರ ಹೋಗುವುದನ್ನು ಬಿಟ್ಟಳು. ಅವಳು ಕೈ ಇಳಿಸುತ್ತಿದ್ದ ಹೊತ್ತಿಗೆ ಸರಿಯಾಗಿ ಸೀಗಡಿಗಳು ಆ ಮೂಲೆಗೆ ಬಂದು ಮೀಸೆ ಆಡಿಸುತ್ತ ನಿಲ್ಲುತ್ತಿದ್ದವು. ಅವಳು ಮುಖ ತಿರುಗಿಸಿ ಗುಂಡಿ ಹಚ್ಚುತ್ತಿದ್ದಳು. ಒಂದು ದಿನ ಬಟ್ಟೆ ಕೊಡಲು ಬಂದ ಹೆಂಗಸು, ಅಳತೆ ಕೊಡುವಾಗ ಹಿಡಿದುಕೊಳ್ಳಲೆಂದು ತನ್ನ ಕೂಸನ್ನು ಮುಕ್ತಾಳ ಕಡೆ ಚಾಚಿದಳು. ಮುಕ್ತಾ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡಳು. ಹೆಂಗಸು ಬೇಸರಪಟ್ಟು ಹೋದಳು. ದರ್ಜಿ ಅದನ್ನು ನೋಡಿದ. ಅಳತೆಯ ಟೇಪು ಅವನ ಕೈಯಲ್ಲೇ ಉಳಿಯಿತು.

ಅವಳು ನೀರು ಮುಟ್ಟದೆ ಹೋದ ಮೇಲೂ ಒಂದು ಸತ್ತಿತು. ಹಳೆಯ ಎಣ್ಣೆ ನೀರಿನಲ್ಲಿ ಉಳಿದಿರಬೇಕು ಎಂದುಕೊಂಡ. ಒಮ್ಮೆ ಸಿಕ್ಕ ಕಾರಣವನ್ನು ಬಿಟ್ಟುಕೊಡಲು ಅವನಿಗೆ ಮನಸ್ಸು ಬರಲಿಲ್ಲ. ಈಗ ತೊಟ್ಟಿಯಲ್ಲಿ ಎರಡೇ ಉಳಿದಿದ್ದವು.

ಆ ದಿನಗಳಲ್ಲಿ ಸೀಗಡಿ ಮರಿ ಬೆಳೆಸುವ ಕಡೆ ಕೆಲಸಕ್ಕಿದ್ದ ಒಬ್ಬನು ಅಂಗಿ ಹೊಲಿಸಲು ಬಂದ. ಅಂಗಡಿಯ ಹಿಂದೆ ಕೈ ತೊಳೆಯಲು ಹೋದವನು ಹಂಡೆಯ ಮುಂದೆ ನಿಂತ.

"ಇದರಲ್ಲಿರುವುದು ಕಡಲ ನೀರೇ?"

"ಹೌದು. ಮೇಲೆ ಸೀಗಡಿ ಸಾಕಿದ್ದೇವೆ. ಅವಕ್ಕೆ ಶುದ್ಧ ಮಾಡಿ ಕೊಡುತ್ತೇನೆ."

"ಎಂಥ ಕೆಲಸ ಮಾಡಿದಿರಿ! ಉಪ್ಪುನೀರು ತಾಮ್ರವನ್ನು ಕರಗಿಸುತ್ತದೆ. ಮೀನು ಅಷ್ಟಿಷ್ಟು ತಡೆದುಕೊಳ್ಳುತ್ತದೆ, ಸೀಗಡಿಗೆ ಅದು ವಿಷ. ನಮ್ಮಲ್ಲಿ ತಾಮ್ರದ ತಂತಿಯನ್ನೂ ನೀರಿನ ಹತ್ತಿರ ಸುಳಿಯಗೊಡುವುದಿಲ್ಲ."

ದರ್ಜಿ ಹಂಡೆಯೊಳಗೆ ಬಗ್ಗಿ ನೋಡಿದ. "ಆದರೆ ಮೊದಲನೆಯದು ಸತ್ತಾಗ ಹಂಡೆ ಇರಲಿಲ್ಲ," ಎಂದ.

"ಅದು ಹೇಗಿತ್ತು?"

"ಹಗುರವಾಗಿತ್ತು. ಆಚೆಯ ಬೆಳಕು ಕಾಣುತ್ತಿತ್ತು."

"ಹಾಗಾದರೆ ಅದು ಬರೀ ಚಿಪ್ಪು. ಬೆಳೆಯುವ ಸೀಗಡಿ ಹಳೆಯ ಚಿಪ್ಪು ಕಳಚುತ್ತದೆ. ಮೈ ಗಟ್ಟಿಯಾಗುವವರೆಗೆ ಕಲ್ಲಿನೊಳಗೆ ಅಡಗಿರುತ್ತದೆ. ಅವತ್ತು ನಿಮ್ಮಲ್ಲಿ ಯಾವುದೂ ಸತ್ತಿರಲಿಲ್ಲ."

ಅವನು ಅಂಗಿಯ ಬಟ್ಟೆ ಕೊಟ್ಟು ಹೋದ. ದರ್ಜಿ ಹಂಡೆಯ ಪಕ್ಕದಲ್ಲೇ ಕುಳಿತ. ಬೆಳೆದ ಗುರುತನ್ನು ಸಾವೆಂದುಕೊಂಡಿದ್ದ. ಆ ಸಾವಿಗೆ ಮದ್ದೆಂದು ತಾನೇ ವಿಷ ಎರೆದಿದ್ದ. ಆ ವಿಷಕ್ಕೆ ಹೆಂಡತಿಯ ಕೈಯನ್ನು ದೂರಿದ್ದ. ಎದ್ದು ಮೆಟ್ಟಿಲು ಹತ್ತಿದ.

"ಮುಕ್ತಾ, ನಿನ್ನ ಕೈಯಲ್ಲ. ಹಂಡೆ. ನಾನು ತಂದ ಹಂಡೆ. ಕೊಂದವನು ನಾನು."

ಮುಕ್ತಾ ಸೂಜಿಗೆ ದಾರ ಪೋಣಿಸುತ್ತಿದ್ದಳು. ಅವನು ಎಲ್ಲವನ್ನೂ ಹೇಳಿ ಮುಗಿಸುವವರೆಗೆ ಕೇಳಿದಳು. ಆಮೇಲೆ ಹೇಳಿದಳು:

"ನೀವು ಒಳ್ಳೆಯವರು. ನನಗೆ ಸಮಾಧಾನವಾಗಲಿ ಎಂದು ಹೇಳುತ್ತಿದ್ದೀರಿ."

ದರ್ಜಿ ಹಂಡೆಯನ್ನು ಹೊತ್ತು ತಂದು ಅವಳ ಮುಂದಿಟ್ಟು ಹಸಿರು ತೋರಿಸಿದ. ಅವಳು ನೋಡಿದಳು. ಅವನು ತೊಟ್ಟಿಯ ನೀರನ್ನೆಲ್ಲ ತೆಗೆದು ಕ್ಯಾನಿನಲ್ಲಿ ಹೊಸ ನೀರು ತಂದು ತುಂಬಿಸಿದ. ನಾಲ್ಕು ದಿನ ಕಳೆಯಿತು. ಎರಡೂ ಸೀಗಡಿ ಬದುಕಿದ್ದವು.

"ಒಂದು ಸಲ ಕೈ ಇಳಿಸು," ಎಂದ.

"ಬೇಡ."

"ನನ್ನ ಮೇಲೆ ಆಣೆ."

ಅವಳು ಬೇಡ ಬೇಡವೆನ್ನುತ್ತಿದ್ದಂತೆಯೇ ಅವನು ಅವಳ ಮಣಿಕಟ್ಟು ಹಿಡಿದು ನೀರಿಗೆ ಇಳಿಸಿದ. ಒಂದು ಸೀಗಡಿ ನಿಧಾನವಾಗಿ ಬಂದು ಬೆರಳೇರಿತು. ಉಗುರು ಹೆಕ್ಕತೊಡಗಿತು. ಮುಕ್ತಾಳ ಮುಖದ ಬಿಗಿ ಒಂದು ಕ್ಷಣ ಸಡಿಲವಾಯಿತು.

ಮೂರನೆಯ ದಿನ ಆ ಸೀಗಡಿ ಸತ್ತಿತು.

ದರ್ಜಿ ಸೀಗಡಿಯವನ ಬಳಿಗೆ ಓಡಿದ. ಅವನು ಹೇಳಿದ: "ನೀರು ಬದಲಿಸಿದರೆ ಸಾಲದು. ಇಷ್ಟು ದಿನ ಕಲ್ಲೂ ಮರಳೂ ತಾಮ್ರ ಕುಡಿದಿವೆ. ಈಗ ಅವೇ ಬಿಡುತ್ತಿರುತ್ತವೆ. ಇದನ್ನು ಅವತ್ತೇ ಹೇಳಬೇಕಿತ್ತು, ನನಗೆ ಹೊಳೆಯಲಿಲ್ಲ." ದರ್ಜಿ ಮನೆಗೆ ಬಂದು ಕಲ್ಲನ್ನೂ ಮರಳನ್ನೂ ಹೊರಗೆ ಹಾಕಿದ. ಅಷ್ಟರಲ್ಲಿ ಕೊನೆಯದೂ ಪಕ್ಕಕ್ಕೆ ವಾಲಿತ್ತು.

ಅವನು ಮುಕ್ತಾಳಿಗೆ ಎಲ್ಲವನ್ನೂ ಬಿಡಿಸಿ ಹೇಳಿದ. ಕಲ್ಲು ಹೇಗೆ ಕುಡಿಯುತ್ತದೆ, ಹೇಗೆ ಬಿಡುತ್ತದೆ, ಅವಳ ಕೈಗೂ ಇದಕ್ಕೂ ಹೇಗೆ ಸಂಬಂಧವೇ ಇಲ್ಲ. ಅವಳು ಹೂಂ ಎಂದಳು. ಮರುದಿನ ಮತ್ತೆ ಹೇಳಿದ. ಹೂಂ ಎಂದಳು. ಮಳೆಗಾಲ ಬಂತು, ಹೋಯಿತು. ಅವನು ಹೇಳುವುದನ್ನು ನಿಲ್ಲಿಸಲಿಲ್ಲ. ಒಮ್ಮೆ ಸೀಗಡಿಯವನನ್ನೇ ಮನೆಗೆ ಕರೆತಂದು ಹೇಳಿಸಿದ. ಮುಕ್ತಾ ಅವನಿಗೆ ಚಹಾ ಮಾಡಿ ಕೊಟ್ಟಳು, ಎಲ್ಲವನ್ನೂ ತಾಳ್ಮೆಯಿಂದ ಕೇಳಿದಳು. ಅವನು ಹೊರಟ ಮೇಲೆ ಗಂಡನಿಗೆ ಹೇಳಿದಳು:

"ಪಾಪ, ಅವರಿಗೆ ಯಾಕೆ ತೊಂದರೆ ಕೊಟ್ಟಿರಿ?"

ಈಗಲೂ ಅವಳು ಕಾಜಾ ಹಾಕುತ್ತಾಳೆ. ಅಂಗಡಿಗೆ ಯಾರಾದರೂ ಕೂಸನ್ನು ಎತ್ತಿಕೊಂಡು ಬಂದರೆ ಎದ್ದು ಒಳಗೆ ಹೋಗುತ್ತಾಳೆ. ಅವರು ಹೋಗುವವರೆಗೆ ದರ್ಜಿ ಯಂತ್ರ ತುಳಿಯುತ್ತಿರುತ್ತಾನೆ.

ಗುರುಗಳು ನಿಲ್ಲಿಸಿದರು. ನಿರ್ವಾಣಿ ಕೇಳಿದ:

"ಗುರುಗಳೇ, ಅವನು ಕೊನೆಗೆ ನಿಜವನ್ನೇ ಹೇಳಿದನಲ್ಲ. ಅವಳು ಯಾಕೆ ನಂಬಲಿಲ್ಲ?"

ಗುರುಗಳು ಹೇಳಿದರು: "ಅವನ ಮೊದಲಿನ ಮಾತನ್ನು ಅವಳು ಆಗಲೇ ನಂಬಿಬಿಟ್ಟಿದ್ದಳು."