ದುಂಡಮ್ಮನ ಹೊರೆ

ಪೂಜ್ಯ ಶ್ರೀ ನಿರ್ವಾಣಯ್ಯನವರಿಗೆ ಮಠವೆಂದು ಇದ್ದದ್ದು ಒಂದು ಹುಲ್ಲಿನ ಜೋಪಡಿ, ಒಂದು ಹುಣಸೆಮರ, ದಾರಿಯ ಪಕ್ಕದಲ್ಲೊಂದು ಹೊರೆಗಲ್ಲು. ಹೊರೆಗಲ್ಲೆಂದರೆ ಆಳೆತ್ತರದ ಎರಡು ಕಂಬಗಳ ಮೇಲೆ ಅಡ್ಡಲಾಗಿ ಇಟ್ಟ ಚಪ್ಪಡಿ. ತಲೆಹೊರೆ ಹೊತ್ತು ಬಂದವರು ಬಗ್ಗದೆ, ಯಾರನ್ನೂ ಕರೆಯದೆ, ಹೊರೆಯನ್ನು ಅದರ ಮೇಲೆ ಜಾರಿಸಿ ಉಸಿರು ಬಿಡುತ್ತಾರೆ. ತುಂಬು ಬಸುರಿಯಾಗಿ ತೀರಿಕೊಂಡ ಹೆಣ್ಣುಮಕ್ಕಳ ಹೆಸರಿನಲ್ಲಿ ಇಂಥ ಕಲ್ಲು ನಿಲ್ಲಿಸುವುದು ಆ ಸೀಮೆಯ ರೂಢಿ. ಹೊತ್ತುಕೊಂಡೇ ಹೋದವಳಿಗೆ ಹೀಗಾದರೂ ಭಾರ ಇಳಿಯಲಿ ಎಂಬ ಆಸೆ ಅದು.

ಪ್ಲೇಗಿನ ವರ್ಷ. ನೀಲಗಿರಿಯ ಕಡೆಯ ತೋಟಗಳಿಗೆ ಕೂಲಿಗೆಂದು ಹೋಗಿದ್ದ ಜನರನ್ನು ತೋಟದವರು ಕೂಲಿಗಳ ಲೈನುಮನೆಗಳಿಂದ ಹೊರಡಿಸಿಬಿಟ್ಟರು. ಮಡಕೆ, ಚಾಪೆ, ಮಕ್ಕಳು ಎಲ್ಲವನ್ನೂ ಹೊತ್ತು ಅವರು ಘಟ್ಟ ಇಳಿದು ಊರ ದಾರಿ ಹಿಡಿದರು. ಹಸಿದ ಮೈಗೆ ಹೊರೆಯನ್ನು ಕಲ್ಲಿನ ಮೇಲೆ ಜಾರಿಸುವ ತ್ರಾಣವೂ ಇರಲಿಲ್ಲ. ಅಯ್ಯನವರು ಬೆಳಗಿನಿಂದ ಬೈಗಿನವರೆಗೆ ಕಲ್ಲಿನ ಬಳಿ ನಿಂತು ಬಂದವರ ಹೊರೆಯನ್ನು ತಾವೇ ಇಳಿಸುತ್ತಿದ್ದರು, ರಾಗಿಗಂಜಿ ಕುಡಿಸುತ್ತಿದ್ದರು, ಹೊರಡುವಾಗ ಮತ್ತೆ ತಲೆಗೆ ಎತ್ತಿಕೊಡುತ್ತಿದ್ದರು. ರೋಗ ಅಂಟೀತು ಎಂದವರ ಕಣ್ಣೆದುರೇ ಮುಂದಿನ ಹೊರೆಗೆ ಕೈ ಚಾಚುತ್ತಿದ್ದರು.

ಅಲ್ಲಿಂದ ಘಟ್ಟದ ಕಡೆಗೆ ಒಂದು ಹಗಲಿನ ನಡಿಗೆಯಲ್ಲಿ ಹೊನ್ನಗಲ್ಲಪುರ. ಅಲ್ಲಿಯ ಪಟೇಲರು ಗುರುಮಲ್ಲಪ್ಪನವರು. ಕೆಟ್ಟವರೇನಲ್ಲ, ಊರನ್ನು ಕಾಯುವ ಹುರುಪು ಸ್ವಲ್ಪ ಹೆಚ್ಚು. ನಡೆದು ಬರುವವರು ಊರಬಾಗಿಲಲ್ಲಿ ನಿಲ್ಲದಿರಲೆಂದು ಅವರು ಅಲ್ಲಿದ್ದ ಹೊರೆಗಲ್ಲಿನ ಮೇಲೆ ಜಾಲಿಮುಳ್ಳು ಪೇರಿಸಿದರು. ಅದು ಅವರ ಸ್ವಂತ ಸೋದರತ್ತೆಯ ಹೆಸರಿನ ಕಲ್ಲು. ಅಯ್ಯನವರ ಮಾತು ಬಂದಾಗ “ಆ ಸಾಮಿ ರೋಗನ ಕರ್ದು ಕರ್ದು ಉಣ್ಣುಸ್ತಾವ್ನ” ಎಂದು ಕೊಂಕು ಆಡುತ್ತಿದ್ದರು. ನಾವಾಗಿದ್ದರೆ ಬೇರೆ ಮಾಡುತ್ತಿದ್ದೆವು ಎಂದು ಎದೆಮುಟ್ಟಿ ಹೇಳಲು ನನಗಂತೂ ಧೈರ್ಯವಿಲ್ಲ.

ಒಂದು ಮಧ್ಯಾಹ್ನ, ಗುಂಪಿನಿಂದ ಹಿಂದೆ ಬಿದ್ದ ತುಂಬು ಬಸುರಿಯೊಬ್ಬಳು ಆ ಮುಳ್ಳಿನ ಕಲ್ಲಿನ ಮುಂದೆ ನಿಂತಳು.

“ಅಪ್ಪಾ, ಒಸಿ ಕೈ ಕೊಡಿ. ನೆಲಕ್ಕ ಇಳಿಸುದ್ರ ಮತ್ತ ಎತ್ತಕ್ಕಾಗಲ್ಲ.”

ಪಟೇಲರು ಹತ್ತು ಮಾರು ದೂರದಿಂದಲೇ ಕೋಲು ಬೀಸಿದರು. “ಮುಂದಕ್ ನಡಿ, ಮುಂದಕ್ ನಡಿ.”

ಅವಳು ಮುಳ್ಳನ್ನು ಒಮ್ಮೆ ನೋಡಿ ನಡೆದಳು.

ಮರುದಿನ ಅದೇ ಹೊತ್ತಿಗೆ, ಮುದ್ದೆ ಮುರಿಯಲು ಕೈಯಿಟ್ಟಾಗ ಪಟೇಲರ ನೆತ್ತಿಯ ಮೇಲೆ ಏನೋ ಬಂದು ಕುಳಿತಿತು. ಕೈಯಾಡಿಸಿದರೆ ಕೂದಲಲ್ಲದೆ ಬೇರೇನೂ ಸಿಗಲಿಲ್ಲ. ಆದರೂ ಕತ್ತು ಭುಜದೊಳಕ್ಕೆ ಇಳಿಯುತ್ತಿತ್ತು. ಅವರು ಬಾಗಿಲು ದಾಟುವಾಗ ಮೊಳದಷ್ಟು ಹೆಚ್ಚಾಗಿ ಬಗ್ಗತೊಡಗಿದರು. ಮರೆತು ನೆಟ್ಟಗೆ ನಡೆದ ದಿನ ಬಾಗಿಲ ಮೇಲಿನ ಮಾವಿನ ತೋರಣ ತಾನಾಗಿಯೇ ಹರಿದು ಬಿತ್ತು. ಪಂಡಿತರ ಲೇಪ, ಮಂತ್ರದ ತಾಯಿತ ಎಲ್ಲ ಆಯಿತು. ಬಿಸಿಲಲ್ಲಿ ತಮ್ಮ ನೆರಳನ್ನು ನೋಡುವುದನ್ನು ಅವರು ಬಿಟ್ಟೇಬಿಟ್ಟರು.

ಎಂಟನೆಯ ದಿನ, ಹಂಗಿಸಿದ ಬಾಯಿಯಲ್ಲೇ ಅಯ್ಯನವರ ಹೆಸರು ಹೇಳಿ ಹೊರಟರು. ಗಾಡಿ ಹತ್ತಿದರೆ ಎತ್ತುಗಳು ಹೆಜ್ಜೆ ಕೀಳಲಿಲ್ಲ. ಇಳಿದು ನಡೆದೇ ಹೋದರು, ಒಂದು ಕೈಯನ್ನು ನೆತ್ತಿಯ ಮೇಲೆ ಆನಿಸಿಕೊಂಡು.

ಅಯ್ಯನವರು ಎಲ್ಲರಿಗೂ ಮಾಡುವಂತೆ ಎದುರು ಬಂದು ಎರಡೂ ಕೈಗಳನ್ನು ಪಟೇಲರ ತಲೆಯ ಮೇಲಕ್ಕೆ ಚಾಚಿದರು. ಅವರ ತೋಳುಗಳು ನಡುಗಿದವು. ನಿಧಾನವಾಗಿ ತಿರುಗಿ, ಆ ಬರಿಗೈಯಲ್ಲಿದ್ದುದನ್ನು ಚಪ್ಪಡಿಯ ತುದಿಯಲ್ಲಿ ಇಳಿಸಿದರು. ಕಂಬದ ಸಂದಿನಿಂದ ಮಣ್ಣು ಉದುರಿತು. ನೆರಳಿನಲ್ಲಿ ಕುಳಿತಿದ್ದವರು ಗಂಜಿಯ ಬಟ್ಟಲನ್ನು ಬಾಯಿಯ ಹತ್ತಿರವೇ ಹಿಡಿದು ನೋಡುತ್ತಿದ್ದರು.

ಪಟೇಲರು ನೆಟ್ಟಗೆ ನಿಂತು ಅತ್ತುಬಿಟ್ಟರು. “ಬುದ್ಧೀ, ಏನದು?”

“ದುಂಡಮ್ಮನ ಹೊರೆ,” ಎಂದರು ಅಯ್ಯನವರು.

ದುಂಡಮ್ಮನೆಂಬ ಆ ಬಸುರಿ ಇಲ್ಲಿಯವರೆಗೆ ಬಂದಿದ್ದಳು. ಅಯ್ಯನವರು ಹೊರೆ ಇಳಿಸಿಕೊಂಡ ಮೇಲೆ ಹುಣಸೆಮರದಡಿ ಮಲಗಿ, ತನ್ನ ಊರು, ಅವ್ವನ ಹೆಸರು ಹೇಳಿದಳು. ಮತ್ತೆ ಏಳಲಿಲ್ಲ. ಅಯ್ಯನವರು ಜೋಪಡಿಯಿಂದ ಒಂದು ಗಂಟನ್ನು ಒಂದೇ ಕೈಯಲ್ಲಿ ತಂದರು. ಇದ್ದದ್ದು ಒಂದು ಸೀರೆ, ನಾಲ್ಕು ಹಿಡಿ ರಾಗಿ, ಕೂಸಿಗೆಂದು ಹೊಲಿದಿಟ್ಟ ಒಂದು ಕುಲಾವಿ.

“ಹುಲ್ಲೇಪಾಳ್ಯದಲ್ಲಿ ಅವಳ ಅವ್ವ ಅದಳ. ಮುಟ್ಟಿಸ್ಬೇಕು.”

“ನಾ ಹೊರಲ್ಲ ಅಂದ್ರ, ಬುದ್ಧಿ?”

“ಹಗುರಾಗಿ ಮನಗ ಹೋಗು. ಅದು ಇಲ್ಲೇ ಇರ್ತದ.”

ಪಟೇಲರು ಊರ ಕಡೆ ಹೊರಟರು. ಮೈ ಹೂವಿನಂತಿತ್ತು. ಇಪ್ಪತ್ತು ಹೆಜ್ಜೆ ನಡೆದು ಹಿಂದಿರುಗಿ ನೋಡಿದರು. ಹೊಸದಾಗಿ ಬಂದ ಕೂಲಿಗಳು ತಮ್ಮ ಗಂಟುಗಳನ್ನು ಚಪ್ಪಡಿಯ ಮೇಲೆ ಒತ್ತೊತ್ತಾಗಿ ಇಡುತ್ತಿದ್ದರು. ಅವರಿಗೆ ಯಾರೂ ಏನೂ ಹೇಳಿರಲಿಲ್ಲ. ಆದರೂ ಒಬ್ಬರೂ ಆ ತುದಿಯಲ್ಲಿ ಇಡಲಿಲ್ಲ. ಅಷ್ಟು ಜಾಗ ಖಾಲಿಯಾಗಿ, ಬಿಸಿಲಿನಲ್ಲಿ, ಕಾಯುತ್ತಿತ್ತು.

ಪಟೇಲರ ಕಾಲು ಮುಂದೆ ಹೋಗಲಿಲ್ಲ. ಬಂದು ಅಯ್ಯನವರ ಮುಂದೆ ತಲೆ ಬಗ್ಗಿಸಿದರು.

“ಎತ್ತಿ, ಬುದ್ಧಿ.”

ಆ ಚಿಕ್ಕ ಗಂಟು ನೆತ್ತಿಗೆ ಮುಟ್ಟಿದೊಡನೆ ಕತ್ತು ಅದನ್ನು ಗುರುತಿಸಿತು. ಎಂಟು ದಿನ ಹೊತ್ತದ್ದು ಅದೇ ಭಾರ, ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ. ಮಾರನೆಯ ದಿನ ಹೊತ್ತು ನೆತ್ತಿಗೇರುವಾಗ ಅವರು ಹುಲ್ಲೇಪಾಳ್ಯದ ಕೊನೆಯ ಗುಡಿಸಲ ಮುಂದೆ ನಿಂತರು. ಮುದುಕಿಯೊಬ್ಬಳು ಹೊರಗೆ ಬಂದು, ಯಾರು ಏನು ಎಂದು ಕೇಳುವ ಮೊದಲೇ ಕೈಚಾಚಿ ಗಂಟನ್ನು ಇಳಿಸಿಕೊಂಡಳು. ಒಂದೇ ಕೈಯಲ್ಲಿ.

“ಇಷ್ಟೇ ಇಷ್ಟು ಗಂಟ್ಗ ಯಾಕಪ್ಪ ಹಿಂಗ್ ಏದುಸಿರು ಬುಡ್ತಿದ್ದೈ?”

ಪಟೇಲರು ಎಲ್ಲವನ್ನೂ ಹೇಳಿದರು. “ಅವ್ವಾ, ಅವಳು ಕೈ ಕೇಳುದ್ಲು. ನಾ ಕೊಡ್ನಿಲ್ಲ.”

ಮುದುಕಿ ಕುಲಾವಿಯನ್ನು ಬೆರಳುಗಳ ಮೇಲೆ ತೊಡಿಸಿಕೊಂಡು ಕುಳಿತಳು. ಎದ್ದು ಒಂದು ಚೊಂಬು ನೀರು ತಂದು ಮುಂದಿಟ್ಟಳು. “ಕುಡಿ. ದಾರಿ ನಡ್ದಿದ್ದೈ.”

ಪಟೇಲರು ಊರಿಗೆ ಮರಳಿದವರೇ ಕಲ್ಲಿನ ಮೇಲಿದ್ದ ಮುಳ್ಳನ್ನು ಬರಿಗೈಯಲ್ಲಿ ಕಿತ್ತರು. ಪಕ್ಕದಲ್ಲಿ ಗಂಜಿಯ ಒಲೆ ಹೂಡಿದರು. ಆ ವರ್ಷ ಆ ದಾರಿಯಲ್ಲಿ ಬಂದವರು ಬಾಯಿಬಿಟ್ಟು ಕೇಳುವ ಮೊದಲೇ ಅವರ ಕೈ ಮೇಲೇಳುತ್ತಿತ್ತು.

ಪ್ಲೇಗು ಹೋಯಿತು, ಕೂಲಿಯವರು ಬರುವುದೂ ನಿಂತಿತು. ಪಟೇಲರು ಮಾತ್ರ ಬದುಕಿರುವವರೆಗೂ ಮಧ್ಯಾಹ್ನವಾದರೆ ಆ ಕಲ್ಲಿನ ಬಳಿ ಹೋಗಿ ನಿಲ್ಲುತ್ತಿದ್ದರು. ಒಂದು ಗಳಿಗೆಯಲ್ಲಿ ಎರಡೂ ಕೈ ಚಾಚಿ, ನಡುಗುವ ತೋಳುಗಳಲ್ಲಿ ಏನನ್ನೋ ಇಳಿಸಿ ಚಪ್ಪಡಿಯ ತುದಿಯಲ್ಲಿ ಇಡುವರು. “ಕೂತ್ಕೊ, ತಾಯಿ,” ಎನ್ನುವರು. ಎದುರಿಗೆ ಯಾರೂ ಇರುತ್ತಿರಲಿಲ್ಲ. ಕಂಬದ ಸಂದಿನಿಂದ ಮಣ್ಣು ಮಾತ್ರ ಉದುರುತ್ತಿತ್ತು.