ಬಾಳವ್ವನ ಕರಿದಿಬ್ಬ

ನೀಲಹಾಳದ ಪಡುವಣಕ್ಕೆ, ಊರಿನ ಸಿಹಿನೀರಿನ ಬಾವಿಯಿಂದ ಸಾಕಷ್ಟು ದೂರದಲ್ಲಿ, ಹುಲ್ಲೂ ಹುಟ್ಟದ ಕಲ್ಲುಹಾಸಿನ ಮೇಲೆ ಒಂದು ಕರಿಯ ದಿಬ್ಬವಿದೆ. ಹೊಸಬರು ಅದನ್ನು ಸುಟ್ಟುಹೋದ ಊರಿನ ಬೂದಿಯೆಂದೋ, ಯಾವನೋ ಪಾಳೆಯಗಾರನ ಮದ್ದಿನ ಮನೆ ಹಾರಿದ ಗುರುತೆಂದೋ ಊಹಿಸುತ್ತಾರೆ. ಊಹೆಗೇನು, ಸುಂಕ ಕಟ್ಟಬೇಕಿಲ್ಲ. ದಿಬ್ಬದ ಮೇಲೆ ಗುಡಿಯಿಲ್ಲ, ದೀಪವಿಲ್ಲ. ನೆತ್ತಿಯಲ್ಲಿ ಅಂಗೈಯಗಲದ ಒಂದು ಕಲ್ಲು ಇದೆ; ಅದಕ್ಕೆ ಯಾರೂ ಕುಂಕುಮ ಹಚ್ಚುವುದಿಲ್ಲ. ಬಾಳವ್ವನ ಕರಿದಿಬ್ಬ ಎಂದು ಅದರ ಹೆಸರು. ಬಾಳವ್ವ ಯಾವ ದೇವರು ಎಂದು ಕೇಳಿದರೆ ಊರಿನ ಹೆಂಗಸರು ದೇವರಲ್ಲ ಎಂದಷ್ಟೇ ಹೇಳಿ ಮುಂದೆ ನಡೆಯುತ್ತಾರೆ. ಅವರ ಮಾತು ನಿಜ. ಬಾಳವ್ವ ಹಾಲುಹಲ್ಲು ಬಿದ್ದು ಹೊಸ ಹಲ್ಲು ಬರುತ್ತಿದ್ದ ಒಬ್ಬ ಹುಡುಗಿ.

ಹಿಂದೆ ಒಮ್ಮೆ ನೀಲಹಾಳವು ಬಣ್ಣಗಾರರ ಊರಾಗಿತ್ತು ಎನ್ನುತ್ತಾರೆ. ನೀಲಿಯನ್ನು ನೀರಿನಲ್ಲಿ ಕರಗಿಸಲು ಅವರು ಹರಿದಾಳವೆಂಬ ಹಳದಿ ಕಲ್ಲನ್ನು ಅರೆದು ಸುಣ್ಣದೊಡನೆ ಹರವಿಗೆ, ಅಂದರೆ ಬಣ್ಣದ ದೊಡ್ಡ ಮಡಕೆಗೆ, ಹಾಕುತ್ತಿದ್ದರು. ಹರಿದಾಳ ವಿಷವೆಂಬುದು ಅವರಿಗೆ ಚೆನ್ನಾಗಿ ಗೊತ್ತಿತ್ತು. ಅದನ್ನು ಅರೆದ ಕಲ್ಲಿನ ಹತ್ತಿರ ಕೂಸುಗಳನ್ನು ಬಿಡುತ್ತಿರಲಿಲ್ಲ. ಆದರೆ ಕೆಲಸ ಮುಗಿದ ಮೇಲೆ ಹರವಿಯ ನೀರನ್ನು ಹಿತ್ತಲ ಗುಂಡಿಗೆ ಚೆಲ್ಲಿ ನಿಶ್ಚಿಂತರಾಗುತ್ತಿದ್ದರು. ಗುಂಡಿಯಿಂದ ಬಾವಿಯ ಕಡೆಗೆ ಇಳಿಜಾರು. ಕಣ್ಣಿಗೆ ಮರೆಯಾದದ್ದು ಊರು ಬಿಟ್ಟಿತೆಂದು ನಂಬುವುದು ಬಣ್ಣಗಾರರೊಬ್ಬರದೇ ಗುಣವಲ್ಲ, ಬಿಡಿ.

ತುಂಗವ್ವ ಆ ಬಣ್ಣಗಾರರ ಮನೆಯೊಂದರ ಸೊಸೆ. ಗಂಡ ಹೊಟ್ಟೆನೋವಿನಲ್ಲಿ ನವೆದು ತೀರಿಹೋಗಿದ್ದ. ಹೆತ್ತ ಮಕ್ಕಳು ತೊಟ್ಟಿಲಲ್ಲೇ ಹೋಗಿದ್ದವು. ಕೊನೆಯದಾದರೂ ಬಾಳಲಿ ಎಂದು ಮಗಳಿಗೆ ಬಾಳವ್ವ ಎಂದು ಹೆಸರಿಟ್ಟಿದ್ದಳು. ಗಂಡನ ಅಂಗೈಯಲ್ಲಿ ಕರಿಯ ಚುಕ್ಕೆಗಳೂ ಗಟ್ಟಿಯಾದ ಗಂಟುಗಳೂ ಇದ್ದವು; ಹರಿದಾಳ ಮುಟ್ಟಿದ ಕೈ ಎಂದು ಎಲ್ಲರೂ ಸುಮ್ಮನಾಗಿದ್ದರು. ಒಂದು ದಿನ ತೀರ್ಥ ಕೊಡಲು ಚಾಚಿದ ಪೂಜಾರಿಯ ಅಂಗೈಯಲ್ಲಿ ಅವಳು ಅವೇ ಗಂಟುಗಳನ್ನು ಕಂಡಳು. ಪೂಜಾರಿ ಜನ್ಮದಲ್ಲಿ ಹರವಿ ಮುಟ್ಟಿದವನಲ್ಲ, ಬಾವಿಯ ನೀರು ಕುಡಿದವನು ಮಾತ್ರ. ಮನೆಗೆ ಬಂದು ಮಗಳ ಮುಷ್ಟಿ ಬಿಡಿಸಿ ನೋಡಿದಳು. ಅಲ್ಲಿಯೂ ಎಳೆಯ ಚುಕ್ಕೆಗಳು ಮೂಡಿದ್ದವು.

ಗುಂಡಿಯ ವಿಷ ಬಾವಿಗೆ ಇಳಿದಿದೆ ಎಂಬ ಅವಳ ಮಾತಿಗೆ ಬಣ್ಣಗಾರರು ಗುಂಡಿಯನ್ನೇನೋ ದೂರಕ್ಕೆ ಒಯ್ದರು. ಬಾವಿಗೆ ಇಳಿದ ವಿಷವನ್ನು ಒಯ್ಯುವವರು ಯಾರು? ಉಳಿದ ಬಾವಿಗಳಲ್ಲಿ ಬಾಯಿಗಿಡಲಾಗದ ಸವುಳು ನೀರು. ಆಗ ತುಂಗವ್ವನಿಗೆ ಮನೆತನದ ಒಂದು ಕಟ್ಟಳೆ ನೆನಪಾಯಿತು. ಬಣ್ಣದ ಮನೆಯೊಳಗೆ ಇದ್ದಲು ತರುವಂತಿಲ್ಲ. ಹರವಿಯಲ್ಲಿ ಬಿದ್ದರೆ ಇದ್ದಲು ಬಣ್ಣವನ್ನು ತಿಂದುಬಿಡುತ್ತದೆ ಎಂದು ಅತ್ತೆ ಬೈಯುತ್ತಿದ್ದಳು. ಬಣ್ಣ ತಿನ್ನುವುದು ವಿಷವನ್ನೇಕೆ ತಿನ್ನಬಾರದು? ಅವಳು ಹತ್ತಿಕಟ್ಟಿಗೆಯನ್ನು ಗುಂಡಿಯಲ್ಲಿ ಮುಚ್ಚಿ ಸುಟ್ಟು ಇದ್ದಲು ಮಾಡಿದಳು. ಕರಿಯ ಬಣ್ಣಕ್ಕೆಂದು ಬೆಲ್ಲದ ನೀರಿನಲ್ಲಿ ಕಬ್ಬಿಣದ ಚೂರು ಕೊಳೆಹಾಕಿದ ರಸ ಮನೆಯಲ್ಲಿತ್ತು. ಇದ್ದಲಿನ ಹಸಿವು ಹೆಚ್ಚಲಿ ಎಂದು ಅದರಲ್ಲಿ ನೆನೆಸಿ ಒಣಗಿಸಿದಳು. ತಳದಲ್ಲಿ ತೂತಿದ್ದ ಗಡಿಗೆಗೆ ಅದನ್ನು ತುಂಬಿ, ಕೆಳಗೆ ಮರಳಿನ ಗಡಿಗೆ ಇಟ್ಟು, ಬಾವಿಯ ನೀರನ್ನು ಹನಿಹನಿಯಾಗಿ ಇಳಿಸಿದಳು.

ಊರಿನ ಹಿರಿಯ ಸಂಗಪ್ಪ ಕಟ್ಟೆಯ ಮೇಲಿಂದ ಕೆಣಕಿದನು. “ಏನ ತುಂಗವ್ವ, ನೀರಿಗೂ ಮಸಿ ಹಚ್ಚಾಕ ನಿಂತೀಯಲ್ಲ?”

“ನಗ್ರಿ ಮಾವ, ನಕ್ಕರ ಏನೂ ಆಗೂದಿಲ್ಲ. ಆದ್ರ ನೀರು ಮಾತ್ರ ಈ ಗಡಿಗಿದ ಕುಡೀರಿ,” ಎಂದಳು.

ಮಳೆಗಾಲ ಕಳೆದು ಚಳಿ ಬರುವಷ್ಟರಲ್ಲಿ ಸಂಗಪ್ಪನ ಹೊಟ್ಟೆನೋವು ತಗ್ಗಿತು, ಪೂಜಾರಿಯ ಅಂಗೈ ಮೆತ್ತಗಾಯಿತು, ಮನೆಮನೆಗೂ ಜೋಡಿಗಡಿಗೆ ಬಂತು. ತಿಂದು ಸಾಕಾದ ಇದ್ದಲನ್ನು ಅಮಾವಾಸ್ಯೆಗೊಮ್ಮೆ ತೆಗೆದು ತುಂಗವ್ವ ಮಾಡಿದ ಹೊಸದನ್ನು ತುಂಬಬೇಕಾಗಿತ್ತು. ಹಳೆಯದನ್ನು ಊರವರು ತಿಪ್ಪೆಗೆ ಎಸೆದರು. ಹೊಗೆ ಕುಡಿದು ಅದನ್ನು ಮಾಡಿದವಳಿಗೆ ಎಸೆಯಲು ಮನಸ್ಸು ಬರಲಿಲ್ಲ. ತಿಂದದ್ದು ಅರಗಿಹೋಯಿತು, ಒಲೆಯೊಳಗೆ ಹೋದ ಕಟ್ಟಿಗೆಯಂತೆ ವಿಷವೂ ಇಲ್ಲವಾಯಿತು ಎಂದೇ ಅವಳು ನಂಬಿದ್ದಳು. ತನ್ನ ಗಡಿಗೆಯ ಹಳೆಯ ಇದ್ದಲನ್ನು ಬಿಸಿಲಿಗೆ ಹರವಿ ಹಲ್ಲುಜ್ಜಲು ಇಟ್ಟಳು. ಬಾಳವ್ವ ಅದನ್ನು ಕಲ್ಲಿನ ಮೇಲೆ ಕುಟ್ಟಿ ಉಪ್ಪು ಬೆರೆಸಿ ಹಲ್ಲು ತಿಕ್ಕುತ್ತಿದ್ದಳು. ತಿಕ್ಕುವುದಷ್ಟೇ ಅಲ್ಲ, ಮಣ್ಣು ತಿನ್ನುವ ಮಕ್ಕಳ ಹಾಗೆ ಅವಳಿಗೆ ಇದ್ದಲು ಅಗಿಯುವ ಚಪಲವೂ ಇತ್ತು. ತಾಯಿ ನೋಡಿಯೂ ಬೈಯಲಿಲ್ಲ. “ಹಳೇದು ಬೇಕಾದಷ್ಟು ತಿನ್ನವ್ವ, ನೀರಾಗ ತೊಳದದ್ದು. ಹೊಸಾದು ಮುಟ್ಟಬ್ಯಾಡ, ಅದು ಊರಿಗೆ ಬೇಕು,” ಎನ್ನುತ್ತಿದ್ದಳಂತೆ.

ಊರಿನ ಮಕ್ಕಳೆಲ್ಲ ಮೈದುಂಬಿಕೊಳ್ಳುತ್ತಿದ್ದಾಗ ಬಾಳವ್ವ ಒಬ್ಬಳು ಬಡವಾಗುತ್ತ ಹೋದಳು. ಉಂಡದ್ದು ನಿಲ್ಲುತ್ತಿರಲಿಲ್ಲ, ಕೂದಲು ಉದುರಿತು, ನಡೆದರೆ ಕಾಲು ಸೋಲುತ್ತಿತ್ತು. ಹೆಂಗಸರು ಬಂದು ತುಂಗವ್ವನ ಉಡಿಗೆ ಅಕ್ಕಿ ಕೊಬ್ಬರಿ ಹಾಕಿ ನಿನ್ನಿಂದ ನಮ್ಮ ಕೂಸು ಉಳಿಯಿತು ಎನ್ನುವಾಗ, ಅವಳ ಕಣ್ಣು ಜಗಲಿಯ ಮೇಲೆ ಮಲಗಿದ ಮಗಳ ಮೇಲೆಯೇ ಇರುತ್ತಿತ್ತು. ನೀರು ಸಾಲದೇನೋ ಎಂದು ಗಡಿಗೆಯಲ್ಲಿ ಎರಡು ಸಲ ಇಳಿಸಿ ಕುಡಿಸಿದಳು. ಅದರಿಂದ ಮತ್ತಷ್ಟು ಇದ್ದಲು ಹಳೆಯದಾಯಿತು.

ಒಂದು ಮುಂಜಾನೆ ಅವಳು ಬಣ್ಣದ ಮನೆಯ ಹೊರಗೆ ಬಟ್ಟೆ ಒಗೆಯಲು ಕೊಳೆ ಬಿಡಿಸುವ ಚೌಳುಮಣ್ಣಿನ ನೀರು ಕದಡಿ ಇಟ್ಟಿದ್ದಳು. ಹಿಂದೊಮ್ಮೆ ನೀಲಿಯ ಹರವಿಯಲ್ಲಿ ಬಿದ್ದು ಬಣ್ಣ ತಿಂದಿದ್ದ ಇದ್ದಲಿನ ತುಂಡೊಂದು ಹೊರಗೋಡೆಯ ಗೂಡಿನಿಂದ ಉರುಳಿ ಅದರಲ್ಲಿ ಬಿತ್ತು. ನೋಡುತ್ತಿದ್ದ ಹಾಗೆ ತುಂಡಿನಿಂದ ನೀಲಿಯ ಎಳೆ ಹೊರಟು ನೀರಿನಲ್ಲಿ ಹಬ್ಬಿತು. ಇದ್ದಲು ಏನನ್ನೂ ತಿಂದಿರಲಿಲ್ಲ. ಬಾಯಲ್ಲಿ ಕಚ್ಚಿ ಹಿಡಿದುಕೊಂಡಿತ್ತು. ತುಂಗವ್ವ ಒದ್ದೆ ಸೀರೆಯಲ್ಲೇ ಮನೆಗೆ ಓಡಿದಳು. ಜಗಲಿಯ ಮೇಲಿದ್ದ ಮಗಳು ಅವ್ವನನ್ನು ಕಂಡು ಕರಿಯ ಹಲ್ಲು ತೋರಿಸಿ ನಕ್ಕಳು.

“ಬಾಳವ್ವ, ಬಾಯಿ ತಗಿ,” ಎಂದಳು ತಾಯಿ.

“ಯಾಕಬೇ? ನಾ ಹೊಸಾದು ಮುಟ್ಟಿಲ್ಲ,” ಎಂದಿತು ಕೂಸು.

ತುಂಗವ್ವ ಸೆರಗಿನ ತುದಿಯಿಂದ ಆ ಬಾಯಿಯನ್ನು ಒರೆಸಿದಳು, ಮತ್ತೆ ಒರೆಸಿದಳು. ಸೆರಗು ಕರಿಯಾಗುತ್ತಲೇ ಹೋಯಿತು. ಮುಂದಿನ ಅಮಾವಾಸ್ಯೆಗೆ ಬಾಳವ್ವ ಇರಲಿಲ್ಲ. ಊರಿನ ವಿಷವನ್ನೆಲ್ಲ ಹಿಡಿದು ನನ್ನ ಮಗಳಿಗೇ ಉಣಿಸಿದೆನೆಂದು ಆ ತಾಯಿ ಅತ್ತಳು.

ಅತ್ತು ಮುಗಿದ ಮೇಲೆ ಅವಳು ಬುಟ್ಟಿ ಹಿಡಿದು ಮನೆಮನೆಯ ತಿಪ್ಪೆ ಕೆದಕಿ ಹಳೆಯ ಇದ್ದಲನ್ನು ಆರಿಸಿದಳು. ನೀರು ಬಾವಿಯ ಕಡೆ ಹರಿಯದ ಕಲ್ಲುಹಾಸನ್ನು ಹುಡುಕಿ, ಜೇಡಿಮಣ್ಣು ಬಳಿದು, ಅಲ್ಲಿ ಸುರಿದಳು. ಬಾವಿಗೆ ತುಂಗವ್ವನ ಹೆಸರಿಡೋಣ ಎಂದು ಸಂಗಪ್ಪ ಬಂದಾಗ ಅವಳು ಕೈಮುಗಿದಳು. “ಬಾವಿಗೆ ನನ್ನ ಹೆಸರು ಬ್ಯಾಡ ಮಾವ. ದಿಬ್ಬಕ್ಕ ಅಕಿ ಹೆಸರಿಡ್ರಿ. ಹೆಸರು ಕೇಳಿದಾಗರ ನಿಮ್ಮ ಕೂಸುಗೋಳ ಬಾಯಿ ನೋಡ್ತೀರಿ.” ನೆತ್ತಿಯ ಮೇಲಿನ ಕಲ್ಲು ಸಮಾಧಿಯಲ್ಲ, ಮಗಳನ್ನು ವಿಷದ ಜೊತೆ ಮಲಗಿಸಲು ತಾಯಿ ಒಪ್ಪಲಿಲ್ಲ. ಅದು ಬಾಳವ್ವ ಇದ್ದಲು ಕುಟ್ಟುತ್ತಿದ್ದ ಕಲ್ಲು.

ಅಮಾವಾಸ್ಯೆಯ ಬೆಳಿಗ್ಗೆ ನೀಲಹಾಳಕ್ಕೆ ಹೋದವರು ಈಗಲೂ ನೋಡಬಹುದು. ಹೆಂಗಸರು ಗಡಿಗೆಯ ಹಳೆಯ ಇದ್ದಲನ್ನು ಬುಟ್ಟಿಯಲ್ಲಿ ಹೊತ್ತು ದಿಬ್ಬಕ್ಕೆ ಸುರಿದು ಬರುತ್ತಾರೆ. ಕೈ ತೊಳೆದು, ಹೊಸ್ತಿಲಲ್ಲಿ ಮಕ್ಕಳನ್ನು ನಿಲ್ಲಿಸುತ್ತಾರೆ. ಕೂಸಿನ ಹೆಸರು ಏನೇ ಇರಲಿ, ಹೆಣ್ಣಿರಲಿ ಗಂಡಿರಲಿ, ಆ ಹೊತ್ತಿಗೆ ಪ್ರತಿ ತಾಯಿಯೂ “ಬಾಳವ್ವ, ಬಾಯಿ ತಗಿ” ಎನ್ನುತ್ತಾಳೆ. ಕೂಸು ಬಾಯಿ ತೆರೆಯುತ್ತದೆ. ತಾಯಿ ಸೆರಗಿನ ತುದಿಯಿಂದ ಒಳಗೆಲ್ಲ ಒರೆಸಿ, ಆ ತುದಿಯನ್ನು ಬೆಳಕಿಗೆ ಹಿಡಿದು, ಬೆಳ್ಳಗಿದೆಯೇ ಎಂದು ನೋಡುತ್ತಾಳೆ.