ಹಂಪವ್ವನ ಸೀರೆ, ಭರಮಪ್ಪನ ರುಮಾಲು

ಕೋವಿ ಭರಮಪ್ಪನ ಬಾಯಿಂದ ಹಾರಿದಷ್ಟು ಗುಂಡು ಅವನ ಕೋವಿಯಿಂದ ಎಂದೂ ಹಾರಿರಲಿಲ್ಲ. ಆದರೂ ಕಲ್ಲೂರು ಸಂಸ್ಥಾನದ ಬೆಳೆಗಾವಲಿಗೆ ಅವನೇ ಸರದಾರ. ಹಂದಿ, ಮಂಗ, ಗಿಳಿ, ಗುಬ್ಬಿ, ಪೈರಿಗೆ ಬಾಯಿ ಹಾಕುವ ಯಾವುದೇ ಇರಲಿ, ಹೊಡೆದೋಡಿಸುವುದು ಅವನ ಕೆಲಸ. ಆ ಕೆಲಸ ನಡೆಯುತ್ತಿದ್ದದ್ದು ಮಾತ್ರ ಊರ ಚಾವಡಿಯಲ್ಲಿ, ದಿಂಬಿಗೆ ಒರಗಿಕೊಂಡು.

ಅವತ್ತು ಜಡಿಯಪ್ಪ ನಾಯಕನ ಓಲಗದಲ್ಲಿ ಅವನು ಮೀಸೆ ತಿರುವುತ್ತಾ ನಿಂತಿದ್ದ. ಎದುರಿಗೆ ಹಂಪವ್ವ ಅನ್ನುವ ಮುದುಕಿ. ಗಂಡ ತೀರಿಕೊಂಡ ಮೇಲೆ ಒಂದು ತುಂಡು ಜೋಳದ ಹೊಲ ನೆಚ್ಚಿಕೊಂಡು ಒಬ್ಬಳೇ ಬದುಕುತ್ತಿದ್ದವಳು.

“ದೊರೆಯೇ, ಈಕೆಯ ಹೊಲದಲ್ಲಿ ಒಂದು ತೆನೆಯೂ ಹಾಳಾಗಿಲ್ಲ. ಯಾರ ಕಾವಲಿನಿಂದ? ಈ ಭರಮಪ್ಪನ ಕಾವಲಿನಿಂದ! ಸುಗ್ಗಿಗೆ ಅರ್ಧ ರಾಶಿ ಕಾವಲಿನ ಪಾಲು ಕೊಡು ಅಂದರೆ ನನ್ನ ಮೇಲೇ ಜಗಳಕ್ಕೆ ಬರುತ್ತಾಳೆ.”

“ಇವನ ಮಾರಿ ನನ್ನ ಹೊಲದಾಗ ಒಂದು ದಿನಾನೂ ಕಂಡಿಲ್ರೀ ಯಪ್ಪಾ,” ಅಂದಳು ಹಂಪವ್ವ. “ಹೊತ್ತು ಮೂಡಿದಾಗಿಂದ ಅಟ್ಟಣೆ ಮ್ಯಾಲೆ ನಿಂತು ಕವಣೆ ಬೀಸಿ ಬೀಸಿ ನನ್ನ ರಟ್ಟಿ ಬಿದ್ದು ಹೋಗ್ಯಾವ. ಅರ್ಧ ರಾಶಿ ಇವಗ ಕೊಟ್ರ ಬ್ಯಾಸಿಗ್ಯಾಗ ನಾ ಏನು ಮಣ್ಣು ತಿನ್ನಲಿ?”

ಭರಮಪ್ಪ ಹೊಟ್ಟೆ ಕುಲುಕಿಸಿ ನಕ್ಕ. “ನಾನು ಯಾಕೆ ಹೊಲಕ್ಕೆ ಬರಬೇಕು ಮುದುಕಿ? ನನ್ನ ಹೆಸರು ಕೇಳಿದರೆ ಸಾಕು, ಹಂದಿ ಗುಡ್ಡ ಹತ್ತುತ್ತದೆ. ಈ ಕೆಂಪು ರುಮಾಲಿನ ತುದಿ ಕಂಡರೆ ಸಾಕು, ಗಿಳಿಗಳು ಮೂರು ಊರು ದಾಟಿ ಹೋಗುತ್ತವೆ!”

ನಾಯಕನಿಗೆ ಇಂಥ ಶೂರರ ಮಾತು ಅಂದರೆ ಪಂಚಪ್ರಾಣ. ತಲೆದೂಗಿದ. ಇನ್ನೇನು ಅರ್ಧ ರಾಶಿ ಹೋಯಿತು ಅಂತ ಹಂಪವ್ವನ ಕಣ್ಣು ತುಂಬಿ ಬಂತು.

ಓಲಗದ ಮೂಲೆಯಲ್ಲಿ ಎಲೆಯಡಿಕೆ ಜಗಿಯುತ್ತಾ ಕೂತಿದ್ದ ವಿರುಪಣ್ಣನಿಗೆ ಮೈ ಉರಿದುಹೋಯಿತು. ಅವನು ನಾಯಕನ ಆಸ್ಥಾನದ ಮಾತುಗಾರ. ದಿನಾ ಬೆಳಿಗ್ಗೆ ಕೆರೆಗೆ ಹೋಗುವಾಗ ಆ ಮುದುಕಿ ಕವಣೆ ಬೀಸುವುದನ್ನು ಕಣ್ಣಾರೆ ಕಂಡವನು. ಆದರೆ ಸರದಾರ ಸುಳ್ಳ ಅಂತ ತಾನೊಬ್ಬ ಹೇಳಿದರೆ ನಾಯಕ ಕೇಳುವವನೇ? ಇರಲಿ, ಇವನ ಬಾಯಿಂದ ಬಂದದ್ದನ್ನೇ ಇವನ ಕೊರಳಿಗೆ ಕಟ್ಟೋಣ ಅಂದುಕೊಂಡು ಎದ್ದ.

“ಅಬ್ಬಬ್ಬಾ! ಬರೀ ರುಮಾಲಿಗೇ ಇಷ್ಟು ಶಕ್ತಿ ಇದ್ದರೆ ಸರದಾರರ ಪೂರ್ತಿ ಪೋಷಾಕಿಗೆ ಎಷ್ಟಿರಬೇಡ! ಪ್ರಭು, ನಾಳೆ ಬೆಳಿಗ್ಗೆ ಅದನ್ನು ಅರಮನೆಯ ಹೊಲದ ಬೆದರುಗೊಂಬೆಗೆ ತೊಡಿಸೋಣ. ಪಕ್ಕದಲ್ಲೇ ಹಂಪವ್ವನ ಹೊಲ. ಅಲ್ಲಿ ಅವಳ ಬೆದರುಗೊಂಬೆ ಇದೆ. ಅವಳು ಕವಣೆ ಮುಟ್ಟುವುದು ಬೇಡ, ಇವರು ಕೋವಿ ಮುಟ್ಟುವುದು ಬೇಡ. ಹಕ್ಕಿಗಳೇ ನ್ಯಾಯ ಹೇಳಲಿ.”

“ಪೋಷಾಕು... ಅಗಸರ ಮನೆಯಲ್ಲಿ...” ಭರಮಪ್ಪ ತಡವರಿಸಿದ.

“ಮೈಮೇಲೇ ಇದೆಯಲ್ಲ!” ಅಂದ ನಾಯಕ. “ಸರಿ, ಪಣ ಏನು?”

“ಹಂಪವ್ವನ ಹೊಲಕ್ಕೆ ಹಕ್ಕಿ ಇಳಿದರೆ ಅರ್ಧವಲ್ಲ, ಪೂರ್ತಿ ರಾಶಿ ಸರದಾರರಿಗೆ. ಇಳಿಯದಿದ್ದರೆ ಒಂದು ಕಾಳೂ ಇಲ್ಲ,” ಅಂದ ವಿರುಪಣ್ಣ.

ಹಂಪವ್ವ ಎದೆ ಹಿಡಿದುಕೊಂಡಳು. ಹೊರಗೆ ಬಂದದ್ದೇ ವಿರುಪಣ್ಣನ ಮೇಲೆ ಹರಿಹಾಯ್ದಳು. “ಎಂಥಾ ಕೆಲಸ ಮಾಡಿದ್ಯೋ ನನ್ನಪ್ಪಾ! ಇದ್ದ ಅರ್ಧಾನೂ ಕಳದಿ!”

“ಅವ್ವಾ, ನಿನ್ನ ಬೆದರುಗೊಂಬೆಗೆ ಯಾವ ಬಟ್ಟೆ ಉಡಿಸಿದ್ದೀ?”

“ನಂದೇ. ಕವಣೆ ಬೀಸುವಾಗ ದಿನಾ ಉಡತಿದ್ದ ನೀಲಿ ಸೀರಿ. ಹೊಲ ಕಾಯೋರ ಅರಿಬೀನೇ ಅದಕ್ಕ ಹಾಕಬೇಕು, ಅದು ನಮ್ಮ ಹಿರೇರ ಪದ್ಧತಿ.”

“ಹಂಗಿದ್ದರೆ ಹೋಗಿ ಹೊಟ್ಟೆ ತುಂಬ ಉಂಡು ಮಲಕೋ.”

ಮಾರನೆಯ ಬೆಳಿಗ್ಗೆ ಎಲ್ಲರೂ ಬೇವಿನ ಮರದ ಕೆಳಗೆ ಕೂತರು. ಅರಮನೆಯ ಹೊಲದಲ್ಲಿ ಕೆಂಪು ರುಮಾಲು, ಜರಿಯ ಅಂಗಿ ತೊಟ್ಟ ಬೆದರುಗೊಂಬೆ ಸೆಟೆದು ನಿಂತಿತ್ತು. ಅದರ ಮಡಕೆ ಮುಖಕ್ಕೆ ಭರಮಪ್ಪನೇ ಇದ್ದಿಲಿನಿಂದ ಮೀಸೆ ಬರೆದಿದ್ದ, ತನ್ನದಕ್ಕಿಂತ ಎರಡು ಬೆರಳು ಹೆಚ್ಚೇ. ಬದುವಿನಾಚೆ ಹಂಪವ್ವನ ಹರಕು ನೀಲಿ ಸೀರೆ ಗಾಳಿಗೆ ಅಲ್ಲಾಡುತ್ತಿತ್ತು.

ಬಂತು ಗಿಳಿಗಳ ಹಿಂಡು. ಮೊದಲು ಹಂಪವ್ವನ ಹೊಲದ ಕಡೆಗೇ ತಿರುಗಿತು. ಮುದುಕಿ ಕಣ್ಣು ಮುಚ್ಚಿಕೊಂಡಳು. ನೀಲಿ ಸೀರೆ ಕಂಡದ್ದೇ ತಡ, ಹಿಂಡು ಕಿರ್ರೆಂದು ಚೀರಿ ಮೇಲಕ್ಕೆದ್ದು ಅರಮನೆಯ ಹೊಲಕ್ಕೆ ಸುರಿಯಿತು. ಹಿಂದೆಯೇ ಗುಬ್ಬಿಗಳು. ಒಂದು ಗೊರವಂಕ ರುಮಾಲಿನ ಮೇಲೆ ಕೂತು ಜರಿ ಎಳೆ ಕಿತ್ತಿತು. ಗುಬ್ಬಿಯೊಂದು ಅಂಗಿಯ ತೋಳಿನೊಳಗೆ ಹೊಕ್ಕು ಇಣುಕಿ ನೋಡಿತು. ಗಿಳಿಯೊಂದು ಹೊಟ್ಟೆ ತುಂಬ ತಿಂದು, ಹೆಗಲ ಮೇಲೆ ಕೂತು, ಮಾಡಬಾರದ್ದನ್ನು ಮಾಡಿತು.

“ಅಯ್ಯಯ್ಯೋ ನನ್ನ ಜೋಳ!” ನಾಯಕ ಎದ್ದು ನಿಂತ.

“ಇದು ಮೋಸ ದೊರೆಯೇ!” ಭರಮಪ್ಪ ಕೂಗಿದ. “ಬರೀ ಬಟ್ಟೆ ಏನು ಮಾಡೀತು? ಅದರೊಳಗೆ ನಾನಿಲ್ಲವಲ್ಲ!”

“ಆ ಸೀರೆಯೊಳಗೂ ಹಂಪವ್ವ ಇಲ್ಲ ಸರದಾರರೇ,” ಅಂದ ವಿರುಪಣ್ಣ. “ಇಗೋ, ಇಲ್ಲೇ ನಿಮ್ಮ ಪಕ್ಕದಲ್ಲೇ ಕೂತಿದ್ದಾಳೆ.”

ನಾಯಕ ಹುಬ್ಬು ಗಂಟಿಕ್ಕಿ, “ಇದು ಹೇಗಯ್ಯಾ ವಿರುಪಣ್ಣ?” ಅಂದ.

“ಹಕ್ಕಿಗಳದೇನೂ ತಪ್ಪಿಲ್ಲ ಪ್ರಭು. ಆ ನೀಲಿ ಸೀರೆ ಕಂಡಾಗೆಲ್ಲ ಕಲ್ಲು ಹಾರಿ ಬಂದಿದೆ, ಅವಕ್ಕೆ ನೆನಪಿದೆ. ಸರದಾರರ ರುಮಾಲನ್ನು ಪಾಪ, ಅವು ಇವತ್ತೇ ಮೊದಲು ನೋಡುತ್ತಿರುವುದು.”

ನಾಯಕ ಬೇವಿನ ಮರದ ಕಾಗೆಗಳೆಲ್ಲ ಎದ್ದು ಹಾರುವಂತೆ ನಕ್ಕ. ಹೆಗಲ ಶಾಲು ತೆಗೆದು ವಿರುಪಣ್ಣನಿಗೆ ಹೊದಿಸಿದ. “ಹಂಪವ್ವಾ, ನಿನ್ನ ರಾಶಿಯೆಲ್ಲ ನಿನ್ನದೇ. ಇನ್ನು ಯಾವನೂ ಪಾಲು ಕೇಳಕೂಡದು,” ಅಂದ. ಮುದುಕಿ ಸೆರಗಿನಿಂದ ಕಣ್ಣೊರೆಸಿಕೊಂಡು ನಕ್ಕೇಬಿಟ್ಟಳು.

“ಈ ಸುಳ್ಳನನ್ನು ಸೆರೆಮನೆಗೆ ಹಾಕಿ!” ಅಂತ ನಾಯಕ ಗುಡುಗಿದಾಗ ಭರಮಪ್ಪ ಅಡ್ಡಬಿದ್ದ.

ವಿರುಪಣ್ಣ ಕೈಮುಗಿದ. “ಅಷ್ಟು ದೊಡ್ಡ ಶಿಕ್ಷೆ ಯಾಕೆ ಪ್ರಭು? ಕೈಗೊಂದು ಕವಣೆ ಕೊಟ್ಟು, ಸುಗ್ಗಿ ಮುಗಿಯುವವರೆಗೆ ನಿಮ್ಮ ಹೊಲದ ಅಟ್ಟಣೆ ಹತ್ತಿಸಿ. ಹಕ್ಕಿಗಳಿಗೂ ಸರದಾರರ ಪರಿಚಯವಾಗಲಿ.”